ನೊರೊವೈರಸ್‌ನ ಕವಚ ಮತ್ತು ನಮ್ಮ ನಿರೋಧಕ ಸ್ಮೃತಿ

1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಪಟ್ಟಣದ ಪ್ರಾಥಮಿಕ ಶಾಲೆಯೊಂದರಲ್ಲಿ ವಾಂತಿಭೇದಿ ಹಬ್ಬಿ, ಮಕ್ಕಳು ಮತ್ತು ಶಿಕ್ಷಕರಲ್ಲಿ ಅರ್ಧದಷ್ಟು ಮಂದಿ ಕಾಯಿಲೆ ಬಿದ್ದರು. 1972ರಲ್ಲಿ ಆಲ್ಬರ್ಟ್ ಕಪಿಕಿಯಾನ್ ಅದರ ಕಾರಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು: ಸುಮಾರು 27 ನ್ಯಾನೋಮೀಟರ್ ಅಗಲದ ಕಣಗಳು. ಈ ನಾರ್ವಾಕ್ ವೈರಸ್ಸೇ ನೊರೊವೈರಸ್ ಗುಂಪಿಗೆ ಹೆಸರು ಕೊಟ್ಟಿತು. ದಡಾರ ಒಮ್ಮೆ ಬಂದು ಹೋದರೆ ಮತ್ತೆ ಬರುವುದು ಅಪರೂಪ. ನೊರೊವೈರಸ್ ಒಬ್ಬರನ್ನೇ ಹಲವು ಸಲ ಕಾಡುತ್ತದೆ. ಅದು ಬೇಗ ಬದಲಾಗುತ್ತದೆ ಎಂಬುದಷ್ಟೇ ಇದಕ್ಕೆ ಉತ್ತರವಾಗಲಾರದು. ಬದಲಾವಣೆ ಕವಚದ ಯಾವ ಜಾಗದಲ್ಲಾಗುತ್ತದೆ, ಅದಕ್ಕೆ ಯಾವಾಗ ಬೆಲೆ ಬರುತ್ತದೆ ಎಂಬುದೇ ಮುಖ್ಯವೆಂದು ಈ ಲೇಖನ ವಾದಿಸುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಪ್ಯಾರಿನೊ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಸ್ವಯಂಸೇವಕರಿಗೆ ನಾರ್ವಾಕ್ ವೈರಸ್ ಕುಡಿಸಲಾಯಿತು. ಆರು ಮಂದಿಗೆ ಕಾಯಿಲೆ ಬಂತು. 27ರಿಂದ 42 ತಿಂಗಳ ಬಳಿಕ ಅದೇ ವೈರಸ್ಸನ್ನು ಮತ್ತೆ ಕೊಟ್ಟಾಗ ಅದೇ ಆರು ಮಂದಿ ಮತ್ತೆ ಮಲಗಿದರು. ಉಳಿದವರಿಗೆ ಎರಡು ಸಲವೂ ಏನೂ ಆಗಲಿಲ್ಲ. ಇಲ್ಲಿ ವೈರಸ್ ಬದಲಾಗಿರಲೇ ಇಲ್ಲ. ಮಾಸಿದ್ದು ದೇಹದ ನೆನಪು. ಪಾರಾಗುವವರು ಪಾರಾಗುವುದೇಕೆ ಎಂಬುದಕ್ಕೆ 2003ರಲ್ಲಿ ಲಿಂಡೆಸ್ಮಿತ್ ಮತ್ತು ಸಂಗಡಿಗರ ಅಧ್ಯಯನ ದಾರಿ ತೋರಿತು. ಎಫ್‌ಯುಟಿ2 ಜೀನ್ ಕೆಲಸ ಮಾಡದವರ ಕರುಳಿನ ಕೋಶಗಳ ಮೇಲೆ ಈ ವೈರಸ್ ಹಿಡಿದುಕೊಳ್ಳುವ ರಕ್ತಗುಂಪಿನ ಸಕ್ಕರೆ ಇರುವುದಿಲ್ಲ. ಆದ್ದರಿಂದ ಮರುಸೋಂಕುಗಳನ್ನೆಲ್ಲ ವೈರಸ್ಸಿನ ವಿಕಾಸದ ಖಾತೆಗೆ ಬರೆಯುವುದು ತಪ್ಪು.

ವಿಕಾಸದ ನಿಜವಾದ ಸಾಕ್ಷಿ ಇರುವುದು ಜಿಐಐ.4 ಎಂಬ ಜೀನೋಟೈಪಿನಲ್ಲಿ. ವೈರಸ್ಸಿನ ಹೊರಕವಚ ವಿಪಿ1 ಪ್ರೋಟೀನಿನ 180 ಪ್ರತಿಗಳಿಂದ ಕಟ್ಟಿದ್ದು. ಒಳಗಿನ ಎಸ್ ಭಾಗ ಕವಚವನ್ನು ಬಿಗಿಯಾಗಿ ಹಿಡಿದಿಟ್ಟಿರುವುದರಿಂದ ಅಲ್ಲಿ ಬದಲಾವಣೆಗೆ ಎಡೆ ಕಡಿಮೆ. ಹೊರಕ್ಕೆ ಚಾಚಿದ ಪಿ2 ಭಾಗದ ಕಥೆಯೇ ಬೇರೆ. ಸಕ್ಕರೆಯನ್ನು ಹಿಡಿಯುವ ಕುಳಿಯೂ ಪ್ರತಿಕಾಯಗಳು ಗುರುತಿಸುವ ತಾಣಗಳೂ ಅಲ್ಲೇ ಅಕ್ಕಪಕ್ಕದಲ್ಲಿವೆ. ಕುಳಿ ಕೆಟ್ಟರೆ ವೈರಸ್ಸಿಗೆ ನೆಲೆಯಿಲ್ಲ. ಅದರ ಸುತ್ತಲಿನ ಕುಣಿಕೆಗಳು ಬದಲಾದರೆ ಹಳೆಯ ಪ್ರತಿಕಾಯ ಅಂಟುವುದಿಲ್ಲ. ಬೀಗದ ಕೈಯ ಹಲ್ಲುಗಳನ್ನು ಮುಟ್ಟದೆ ಹಿಡಿಯನ್ನಷ್ಟೇ ಮತ್ತೆ ಮತ್ತೆ ಬೇರೆ ಆಕಾರಕ್ಕೆ ತಿದ್ದಿದಂತೆ ಇದು. 294ರಿಂದ 298 ಹಾಗೂ 368ನೆಯ ಸ್ಥಾನಗಳ ಸುತ್ತಲಿನ ಅಮೈನೋ ಆಮ್ಲಗಳು ಹೀಗೆ ಪದೇ ಪದೇ ಬದಲಾಗಿವೆ. ಫಾರ್ಮಿಂಗ್‌ಟನ್ ಹಿಲ್ಸ್ (2002), ಹಂಟರ್ (2004), ಡೆನ್ ಹಾಗ್ (2006), ನ್ಯೂ ಆರ್ಲಿಯನ್ಸ್ (2009), ಸಿಡ್ನಿ (2012) ತಳಿಗಳು ಒಂದರ ಬೆನ್ನಿಗೊಂದು ಜಗತ್ತನ್ನು ಸುತ್ತಿದವು. ಹಿಂದಿನ ತಳಿಯ ವಿರುದ್ಧ ಜನರಲ್ಲಿ ಬೆಳೆದ ನಿರೋಧವೇ ಮುಂದಿನ ತಳಿಗೆ ದಾರಿ ಮಾಡಿಕೊಟ್ಟಿತು.

ಆದರೆ ಎಲ್ಲ ನೊರೊವೈರಸ್‌ಗಳೂ ಹೀಗಿಲ್ಲ. ಜೀನೋಮನ್ನು ಪ್ರತಿ ಮಾಡುವಾಗ ತಪ್ಪೆಸಗುವ ಪಾಲಿಮರೇಸ್ ಎಂಬ ಕಿಣ್ವ ಎಲ್ಲಕ್ಕೂ ಇದೆ. ಹಾಗಿದ್ದೂ ಜಿಐಐ.2 ಎಂಬ ಇನ್ನೊಂದು ಜೀನೋಟೈಪಿನ ಕವಚ ದಶಕಗಟ್ಟಲೆ ಹೆಚ್ಚೇನೂ ಬದಲಾಗಿಲ್ಲ. 2016–17ರ ಚಳಿಗಾಲದಲ್ಲಿ ಅದು ಚೀನಾದಲ್ಲಿ ವ್ಯಾಪಕವಾಗಿ ಹರಡಿದಾಗ ಹೊಸದಾಗಿದ್ದುದು ಮರುಸಂಯೋಜನೆಯಿಂದ ಬಂದ ಪಿ16 ಪಾಲಿಮರೇಸ್. ತಪ್ಪುಗಳ ವೇಗವೊಂದೇ ವೈರಸ್ ನಮ್ಮ ನಿರೋಧದಿಂದ ತಪ್ಪಿಸಿಕೊಳ್ಳುವುದನ್ನು ವಿವರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಕಂಡಿಲ್ಲ.

ರೂಯಿಸ್ ಮತ್ತು ಸಂಗಡಿಗರ 2020ರ ವಿಶ್ಲೇಷಣೆ ಇನ್ನೂ ಮಹತ್ವದ್ದು. ಜಿಐಐ.4ರ ದೊಡ್ಡ ತಳಿಗಳು ಜಗತ್ತಿನಾದ್ಯಂತ ಹಬ್ಬುವುದಕ್ಕೆ ವರ್ಷಗಳ ಮೊದಲೇ ಕವಚದ ನಿರ್ಣಾಯಕ ಬದಲಾವಣೆಗಳನ್ನು ಪಡೆದು, ಯಾರ ಕಣ್ಣಿಗೂ ಬೀಳದೆ ಓಡಾಡಿಕೊಂಡಿದ್ದವು. ಜನರ ನಿರೋಧಕ ಸ್ಮೃತಿಯ ಚಿತ್ರ ಬದಲಾದಾಗ ಅವುಗಳ ಸರದಿ ಬಂತು. ಹಾಗಾದರೆ ಆಸ್ಪತ್ರೆಗೆ ಬರುವ ರೋಗಿಗಳ ಮಾದರಿಗಳನ್ನಷ್ಟೇ ನೆಚ್ಚಿಕೊಂಡ ಕಣ್ಗಾವಲು ತಡವಾಗಿಯೇ ಎಚ್ಚರಿಸುತ್ತದೆ. ರೋಗಲಕ್ಷಣವಿಲ್ಲದವರ ಮಲದಲ್ಲೂ ಈ ವೈರಸ್ ಹೊರಬೀಳುವುದರಿಂದ ಕೊಳಚೆನೀರು ಹೆಚ್ಚು ಪ್ರಾಮಾಣಿಕ ಸಾಕ್ಷಿ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆನೀರು ಶುದ್ಧೀಕರಣ ಘಟಕಗಳ ಮಾದರಿಗಳಿಂದ ಕೊರೊನಾ ತಳಿಗಳನ್ನು ಪತ್ತೆಹಚ್ಚಿದ್ದುಂಟು. ಅಂಥ ಮಾದರಿಗಳಲ್ಲಿ ನೊರೊವೈರಸ್ ಇದೆಯೇ ಎಂದು ನೋಡುವುದರ ಜೊತೆಗೆ ಪಿ2 ಭಾಗದ ಅನುಕ್ರಮವನ್ನೂ ವರ್ಷಂಪ್ರತಿ ಓದಿಡಬೇಕು. ಲಸಿಕೆಯಲ್ಲಿ ಯಾವ ಕವಚವನ್ನು ಸೇರಿಸಬೇಕೆಂಬ ನಿರ್ಧಾರಕ್ಕೆ ಆಧಾರವಾಗಬೇಕಾದದ್ದು ಆ ದಾಖಲೆಯೇ.