ಒಂದು ರೂಪಾಯಿ ಟಿಕೆಟ್ಟು, ಕೋಟಿಗಟ್ಟಲೆ ಡಾಲರಿನ ಟೀಮು

ಆರ್‌ಸಿಬಿ ಮ್ಯಾಚ್ ದಿನ ಗಾಂಧಿ ಬಜಾರಿನಲ್ಲಿ ಕಾಫಿಗೆ ನಿಂತರೆ ವಿಜಯ್ ಮಲ್ಯ ಹೆಸರು ಒಮ್ಮೆಯಾದರೂ ಬರುತ್ತೆ. ಕ್ಯಾಪ್ಟನ್ ಗೋಪಿನಾಥ್ ಹೆಸರು ಬರಲ್ಲ. ನನಗದೇ ಬೇಜಾರು.

ಗೊರೂರಿನ ಮೇಷ್ಟ್ರ ಮಗ. ಮನೆಯ ಜಮೀನು ಹೇಮಾವತಿ ಅಣೆಕಟ್ಟಿಗೆ ಹೋಗಿತ್ತು. ಸೈನ್ಯ ಬಿಟ್ಟು ಬಂದವರು, ಪರಿಹಾರವಾಗಿ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಟೆಂಟ್ ಹಾಕ್ಕೊಂಡು ತೆಂಗು, ರೇಷ್ಮೆ ಅಂತ ಶುರುಮಾಡಿದರು. 2003ರಲ್ಲಿ ಏರ್ ಡೆಕ್ಕನ್. ಮೊದಲ ಹಾರಾಟ ಬೆಂಗಳೂರಿಂದ ಹುಬ್ಬಳ್ಳಿಗೆ. ಪುಕ್ಕಟೆ ಊಟ ಇಲ್ಲ, ಟಿಕೆಟ್ ನೆಟ್ಟಲ್ಲಿ, ಕೆಲವು ಸೀಟು 1 ರೂಪಾಯಿಗೆ! ನಮ್ಮಂಥ ಊರಿನವರು ವಿಮಾನ ಹತ್ತಬಹುದು ಅನ್ನಿಸಿದ್ದು ಆಗಲೇ. ನಷ್ಟ ಮಾತ್ರ ನಿಲ್ಲಲಿಲ್ಲ.

2007ರಲ್ಲಿ ಅದರ ಶೇ. 26 ಪಾಲನ್ನು ಮಲ್ಯ 550 ಕೋಟಿಗೆ ಕೊಂಡರು. ಅವರದು ಅಪ್ಪ ಬಿಟ್ಟುಹೋದ ಯುಬಿ ಗ್ರೂಪ್. ಮರುವರ್ಷ ಬೆಂಗಳೂರಿನ ಐಪಿಎಲ್ ಟೀಮು 11.16 ಕೋಟಿ ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 450 ಕೋಟಿ. ಅಂದರೆ ಇಡೀ ಟೀಮಿಗಿಂತ ಕಾಲು ಏರ್‌ಲೈನೇ ದುಬಾರಿ. ಡೆಕ್ಕನ್ ಹೋಗಿ ಕಿಂಗ್‌ಫಿಷರ್ ರೆಡ್ ಆಯ್ತು. 2012ರಲ್ಲಿ ಕಿಂಗ್‌ಫಿಷರ್ರೇ ಹಾರಾಟ ನಿಲ್ಲಿಸಿತು. ಟೀಮು ಉಳೀತು.

2009ರಲ್ಲಿ ಗೋಪಿನಾಥ್ ಬೆಂಗಳೂರು ದಕ್ಷಿಣಕ್ಕೆ ಪಕ್ಷೇತರರಾಗಿ ನಿಂತರು. ಇದೇ ಬಸವನಗುಡಿ ಸೇರಿದ ಕ್ಷೇತ್ರ. ಸೋತರು. 2020ರಲ್ಲಿ ಅವರ ಬದುಕನ್ನಾಧರಿಸಿದ ಸಿನಿಮಾ ಬಂತು. ತಮಿಳಿನಲ್ಲಿ.