ಶಾಸನದ ಸಾಲು ಬಿಡಿಸುವುದು

ಶಿವಮೊಗ್ಗ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊರತಂದರು. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯಿರಲಿಲ್ಲ. ಅಚ್ಚಿನಲ್ಲಿ ಕಾಣುವ ಪದವಿಭಾಗ ಓದಿದವರ ತೀರ್ಮಾನ, ಕೆತ್ತಿದವರದ್ದಲ್ಲ. ವಿಭಕ್ತಿ ಪ್ರತ್ಯಯಗಳೇ ಗಡಿ ತೋರಿಸುತ್ತವಲ್ಲ ಎನ್ನಬಹುದು. ಅರ್ಧ ನಿಜ. ‘ಊರೂರು’ ಎಂಬಲ್ಲಿ ಮೊದಲ ಪದದ ಉಕಾರ ಲೋಪವಾಗಿ, ‘ರೂ’ ಎಂಬ ಒಂದೇ ಅಕ್ಷರ ಎರಡೂ ಪದಗಳಿಗೆ ಸೇರಿದೆ, ಕತ್ತರಿ ಇಡುವುದೆಲ್ಲಿ? ಪಠ್ಯವನ್ನು ತುಂಡರಿಸುವ, ಸಿ ಪ್ರೋಗ್ರಾಮಿಂಗ್ ಭಾಷೆಯ ಫಂಕ್ಷನ್ ಸ್ಟ್ರ್‌ಟೋಕ್ ಇಲ್ಲಿ ಕೈಚೆಲ್ಲುತ್ತದೆ: ವಿಭಜಕ ಚಿಹ್ನೆ ಯಾವುದೆಂದು ಅದಕ್ಕೆ ನಾವೇ ಹೇಳಬೇಕು. ಸಾಲದ್ದಕ್ಕೆ ಆ ಚಿಹ್ನೆಯ ಮೇಲೆಯೇ ಸೊನ್ನೆ ಬರೆದು ಮೂಲ ಪಠ್ಯವನ್ನು ಕೆಡಿಸುತ್ತದೆ. ಅಲ್ಪವಿರಾಮವೇ ವಿಭಜಕವಾಗಿದ್ದು, ಅಂಥವೆರಡು ಒಟ್ಟಿಗೆ ಬಂದರೆ ನಡುವಿನ ಖಾಲಿಯನ್ನೂ ನುಂಗುತ್ತದೆ. ಶಾಸನತಜ್ಞರು ಹಾಗಲ್ಲ: ಸವೆದ ಅಕ್ಷರಗಳ ಜಾಗಕ್ಕೆ ಚುಕ್ಕಿ ಇಡುತ್ತಾರೆ, ಕಲ್ಲನ್ನು ಕೆಡಿಸುವುದಿಲ್ಲ. ಹಾಗಾಗಿ ಮುಂದಿನವರು ಅದೇ ಸಾಲನ್ನು ಬೇರೆಡೆ ಬಿಡಿಸಿ ಓದಬಹುದು.