ಈಜಿಪ್ಟಿಗೆ ಹರಿದುಹೋದ ಮಣ್ಣು

ಮಳೆಯೆಂಬುದೇ ಅಪರೂಪವಾದ ಈಜಿಪ್ಟಿನಲ್ಲಿ, ಉರಿಬಿಸಿಲಿನ ದಿನಗಳಲ್ಲೇ ನೈಲ್ ನದಿ ಪ್ರತಿವರ್ಷ ಉಕ್ಕಿ ಹರಿಯುತ್ತಿತ್ತು. ನೆರೆ ಇಳಿದಾಗ ಹೊಲಗಳ ಮೇಲೆ ಕಪ್ಪು ಮೆಕ್ಕಲುಮಣ್ಣಿನ ಹೊಸ ಪದರ ಉಳಿದಿರುತ್ತಿತ್ತು. ರೈತರು ಅದರಲ್ಲಿ ಬಿತ್ತುತ್ತಿದ್ದರು. ಈ ನೆರೆ ಎಲ್ಲಿಂದ ಬರುತ್ತದೆ ಎಂಬುದು ಪ್ರಾಚೀನರಿಗೆ ದೊಡ್ಡ ಒಗಟು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹಲವು ವಾದಗಳನ್ನು ಪರಿಶೀಲಿಸಿದನಾದರೂ ಸರಿಯಾದ ಉತ್ತರ ಅವನಿಗೆ ಸಿಗಲಿಲ್ಲ. ಉತ್ತರವಿದ್ದುದು ಸುಮಾರು 2,000 ಕಿ.ಮೀ. ದಕ್ಷಿಣಕ್ಕೆ, ಇಥಿಯೋಪಿಯದ ಎತ್ತರದ ಪ್ರಸ್ಥಭೂಮಿಯಲ್ಲಿ.

ಈ ಪ್ರಸ್ಥಭೂಮಿ ಬೆಂಕಿಯಿಂದ ಹುಟ್ಟಿದ್ದು. ಸುಮಾರು 3 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾರಸ ಹೊರಚೆಲ್ಲಿತು. ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿದ ಅದರ ದಪ್ಪ ಕೆಲವೆಡೆ 2 ಕಿ.ಮೀ.ವರೆಗೂ ಇದೆ. ವಿಜಾಪುರ ಸೀಮೆಯ ಎರೆಹೊಲಗಳ ಅಡಿಯಲ್ಲಿರುವ ಕಪ್ಪು ಬಸಾಲ್ಟ್ ಶಿಲೆಯೂ ಇದೇ ಬಗೆಯದು. ಆದರೆ ಅದು ಇನ್ನೂ ಹಳೆಯದು, ಸುಮಾರು 6.6 ಕೋಟಿ ವರ್ಷಗಳದು. ಇಥಿಯೋಪಿಯದಲ್ಲಿ ಭೂಗರ್ಭದ ಶಾಖ ಇಡೀ ನಾಡನ್ನೇ ಮೇಲಕ್ಕೆತ್ತಿತು. ಮುಂದೆ ನೆಲ ಸೀಳಿ ಉಂಟಾದ ರಿಫ್ಟ್ ಕಣಿವೆ ಅದನ್ನು ಎರಡು ಹೋಳು ಮಾಡಿತು. ಉತ್ತರದ ಸಿಮಿಯನ್ ಪರ್ವತಗಳಲ್ಲಿ ರಾಸ್ ದಶೆನ್ ಶಿಖರ 4,500 ಮೀಟರಿಗೂ ಎತ್ತರಕ್ಕೆ ನಿಂತಿದೆ. 'ಆಫ್ರಿಕಾದ ಛಾವಣಿ' ಎಂಬ ಹೆಸರು ಈ ನಾಡಿಗೆ ಬಂದುದು ಹೀಗೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಛಾವಣಿಯ ಮೇಲೆ ಮಳೆ ಸುರಿಯುತ್ತದೆ. ಸುಮಾರು 1,800 ಮೀಟರ್ ಎತ್ತರದಲ್ಲಿರುವ ತಾನಾ ಸರೋವರದಿಂದ ಹೊರಡುವ ನೀಲಿ ನೈಲ್, ಒಂದು ಕಿ.ಮೀ.ಗೂ ಆಳವಾದ ಕಮರಿಯನ್ನು ಕೊರೆದುಕೊಂಡು ಸುಡಾನಿನ ಬಯಲಿಗೆ ಇಳಿಯುತ್ತದೆ. ಈಜಿಪ್ಟನ್ನು ತಲುಪುವ ನೈಲ್ ನೀರಿನಲ್ಲಿ ಸುಮಾರು ಶೇ. 85 ಭಾಗ ಇಥಿಯೋಪಿಯದ್ದು. ನದಿ ಹೊತ್ತು ತರುತ್ತಿದ್ದ ಮಣ್ಣಂತೂ ಬಹುಮಟ್ಟಿಗೆ ಎಲ್ಲವೂ ಅಲ್ಲಿಯದೇ. ಗೋವೆಯಲ್ಲಿದ್ದು ಬಳಿಕ ಇಥಿಯೋಪಿಯಕ್ಕೆ ತೆರಳಿದ್ದ ಜೆಸ್ವಿಟ್ ಪಾದ್ರಿ ಪೆಡ್ರೊ ಪಾಯೆಸ್ 1618ರಲ್ಲಿ ನೀಲಿ ನೈಲ್‌ನ ಉಗಮವನ್ನು ಕಂಡು ಬರೆದ. ಸ್ಥಳೀಯರಿಗೆ ಅದು ಎಂದಿನಿಂದಲೂ ಪವಿತ್ರ ಸ್ಥಳವೇ ಆಗಿತ್ತು.

ಆ ಜನ ತಮ್ಮ ನಾಡನ್ನು ಎತ್ತರದಿಂದ ಅಳೆಯುತ್ತಾರೆ. ಕೆಳಗಿನ ಬಿಸಿ ಸೀಮೆ 'ಕೊಲ್ಲ'. ನಡುವಿನ ಹಿತವಾದ ಸೀಮೆ 'ವೊಯ್ನ ದೆಗ'. ಅದಕ್ಕೂ ಮೇಲಿನ ಚಳಿಯ ಸೀಮೆ 'ದೆಗ'. ಕೊಲ್ಲದಲ್ಲಿ ಜೋಳ, ನಡುವೆ ತೆಫ್, ಮೇಲೆ ಬಾರ್ಲಿ. ಮಲೇರಿಯದ ಕಾಟ ತಗ್ಗಿನಲ್ಲೇ ಹೆಚ್ಚು. ಆದ್ದರಿಂದ ಹೆಚ್ಚಿನ ಜನ ನೆಲೆಸಿದ್ದು ಮೇಲೆ. 1886ರಲ್ಲಿ ಸ್ಥಾಪನೆಯಾದ ರಾಜಧಾನಿ ಅಡಿಸ್ ಅಬಾಬ ಊಟಿಗಿಂತಲೂ ಎತ್ತರದಲ್ಲಿದೆ.

ಎತ್ತರ ಅವರಿಗೆ ಕೋಟೆಯೂ ಆಯಿತು. ಸುತ್ತಲೂ ಕಡಿದಾಗಿ, ನೆತ್ತಿ ಮಾತ್ರ ಸಮತಟ್ಟಾಗಿರುವ ಬೆಟ್ಟಗಳನ್ನು ಅಲ್ಲಿ 'ಅಂಬ' ಎನ್ನುತ್ತಾರೆ. ಅಂಥದೊಂದು ಬೆಟ್ಟವಾದ ಮಗ್ದಲಾದಲ್ಲಿದ್ದ ದೊರೆ ತೆವೊದ್ರೊಸ್‌ನ ಮೇಲೆ 1868ರಲ್ಲಿ ಬ್ರಿಟಿಷರು ದಂಡೆತ್ತಿ ಹೋದಾಗ, ಭಾರಿ ತೋಪುಗಳನ್ನು ಹೊರಲು ಭಾರತದಿಂದ 44 ಆನೆಗಳನ್ನು ಹಡಗಿನಲ್ಲಿ ಸಾಗಿಸಬೇಕಾಯಿತು. 1896ರ ಮಾರ್ಚ್ 1ರಂದು ಅದ್ವಾದ ಬೆಟ್ಟಗಳ ನಡುವೆ ಎರಡನೇ ಮೆನೆಲಿಕ್‌ನ ಸೇನೆ ಇಟಲಿಯ ದಂಡನ್ನು ಸೋಲಿಸಿತು. ಆಫ್ರಿಕಾದ ಬಹುಭಾಗವನ್ನು ಯುರೋಪಿನವರು ಹಂಚಿಕೊಂಡಿದ್ದ ಕಾಲದಲ್ಲೂ ಇಥಿಯೋಪಿಯ ಸ್ವತಂತ್ರವಾಗಿ ಉಳಿಯಿತು.

ಆದರೆ ಶತ್ರುವನ್ನು ತಡೆದ ಇಳಿಜಾರು ಮಣ್ಣನ್ನು ಹಿಡಿದಿಡಲಿಲ್ಲ. ಅಲ್ಲಿನ ಮುಖ್ಯ ಆಹಾರವಾದ, ದೋಸೆಯನ್ನು ಹೋಲುವ 'ಇಂಜೆರ' ತೆಫ್ ಧಾನ್ಯದ ಹಿಟ್ಟಿನಿಂದಾಗುತ್ತದೆ. ತೆಫ್ ಕಾಳು ರಾಗಿಗಿಂತಲೂ ಸಣ್ಣದು. ಅದನ್ನು ಬಿತ್ತಲು ಜೋಡೆತ್ತಿನ ನೇಗಿಲಿನಿಂದ ಹಲವು ಸಾಲು ಉತ್ತು ಮಣ್ಣನ್ನು ಹುಡಿ ಮಾಡಬೇಕು. ಹೀಗೆ ಹದಗೊಂಡ ಬೋಳು ಹೊಲದ ಮೇಲೆಯೇ ಮುಂಗಾರು ಹೊಡೆಯುತ್ತದೆ. ಜನ ಹೆಚ್ಚಿದಂತೆ ಕಾಡು ಕಡಿದು ಕಡಿದಾದ ಇಳಿಜಾರುಗಳನ್ನೂ ಉಳಬೇಕಾಯಿತು. ಹಿಂದೆ ಏನಿತ್ತೆಂಬುದನ್ನು ಈಗ ಹಳೆಯ ಚರ್ಚುಗಳ ಸುತ್ತ, ನಮ್ಮ ದೇವರಕಾಡುಗಳಂತೆ ಉಳಿದಿರುವ ಹಸಿರು ತುಣುಕುಗಳಲ್ಲಿ ಕಾಣಬಹುದು. ಈಜಿಪ್ಟಿಗೆ ಅನ್ನ ಕೊಟ್ಟ ಮಣ್ಣಿನ ಈ ತವರು 1973ರಲ್ಲಿ ಹಸಿವಿನಿಂದ ತತ್ತರಿಸಿತು, 1984-85ರಲ್ಲಿ ಮತ್ತೆ. ಬರ, ಯುದ್ಧ, ದುರಾಡಳಿತ ಇವುಗಳ ಜೊತೆಗೆ ಸವೆದ ಹೊಲಗಳೂ ಅದಕ್ಕೆ ಕಾರಣವಾಗಿದ್ದವು.

ಈಜಿಪ್ಟಿಗೂ ಈಗ ಆ ಮಣ್ಣು ಸಿಗುತ್ತಿಲ್ಲ. 1970ರಲ್ಲಿ ಪೂರ್ಣಗೊಂಡ ಅಸ್ವಾನ್ ಅಣೆಕಟ್ಟು ನೆರೆಯನ್ನೂ ಹೂಳನ್ನೂ ತಡೆದು ನಿಲ್ಲಿಸಿತು. ರೈತರು ರಾಸಾಯನಿಕ ಗೊಬ್ಬರವನ್ನು ನೆಚ್ಚಬೇಕಾಯಿತು. ಇಥಿಯೋಪಿಯ ನೀಲಿ ನೈಲ್‌ಗೆ ಅಡ್ಡಲಾಗಿ 2011ರಲ್ಲಿ ಆರಂಭಿಸಿದ ಮಹಾ ಅಣೆಕಟ್ಟು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ನೀರಿನ ಪಾಲಿನ ಬಗ್ಗೆ ಎರಡು ದೇಶಗಳ ಜಗಳ ಲೋಕಕ್ಕೆಲ್ಲ ಕೇಳಿಸಿದೆ. ಮಣ್ಣಿನ ಮಾತು ಅಷ್ಟಾಗಿ ಕೇಳಿಸಿಲ್ಲ. ಆದರೆ ಮೇಲಿನ ಹೊಲ ಸವೆದರೆ ಕೆಳಗಿನ ಜಲಾಶಯ ಹೂಳಿನಿಂದ ತುಂಬುತ್ತದೆ. ತಿಗ್ರೆ ಸೀಮೆಯ ರೈತರು ದಶಕಗಳಿಂದ ಇಳಿಜಾರುಗಳಿಗೆ ಅಡ್ಡವಾಗಿ ಕಲ್ಲಿನ ಬದುಗಳನ್ನು ಕಟ್ಟುತ್ತಿರುವುದು ಅವರ ಹೊಲಗಳಿಗೆ ಮಾತ್ರವಲ್ಲ, ಕೆಳಗಿನವರಿಗೂ ಬೇಕಾದ ಕೆಲಸ.

ಆ ಎತ್ತರದ ಋಣ ಕನ್ನಡನಾಡಿನ ಮೇಲೂ ಇದೆ. ಚಿಕ್ಕಮಗಳೂರಿನ ಕಾಫಿಯ ಮೂಲ ಇಥಿಯೋಪಿಯದ ಕಾಡು. ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದ ಬಂದುದೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುವ ಹುಚ್ಚೆಳ್ಳಿನ ತವರೂ ಇಥಿಯೋಪಿಯವೇ. ನೀರು, ಮಣ್ಣು, ಬೀಜ ಮೂರನ್ನೂ ಹೊರಗೆ ಕಳಿಸಿದ ನಾಡು ತನ್ನ ಪಾಲಿನ ಮಣ್ಣನ್ನು ಉಳಿಸಿಕೊಳ್ಳಲು ಇಂದು ಕಲ್ಲಿನ ಮೇಲೆ ಕಲ್ಲಿಡುತ್ತಿದೆ.